ಬ್ಯಾಗಿನಲ್ಲಿ ‘ಸೊಪ್ಪು’ ಸಿಕ್ಕಮೇಲೆ: ಮೊದಲ ಎರಡು ವಾರ

ಪಿಯುಸಿ ಓದುವ ಮಗನ ಬ್ಯಾಗು ಒಗೆಯಲೆಂದು ಕೊಡವಿದಾಗ ತಳದಿಂದ ತಂಬಾಕಿನ ಪುಡಿ ಉದುರುತ್ತದೆ. ಜೊತೆಗೆ ತೆಳ್ಳನೆಯ ಉದ್ದ ಕಾಗದಗಳ ಪುಟ್ಟ ಕಟ್ಟು, ವಿಸಿಟಿಂಗ್ ಕಾರ್ಡಿನ ಅಂಚು ಹರಿದು ಬಿಗಿಯಾಗಿ ಸುತ್ತಿದ ಸುರುಳಿ, ಕಣ್ಣಿಗೆ ಬಿಡುವ ಡ್ರಾಪ್ಸು. ಇವೆಲ್ಲ ಒಟ್ಟಿಗೆ ಸಿಕ್ಕರೆ ಹೆಚ್ಚು ಯೋಚಿಸಬೇಕಿಲ್ಲ, ಗಾಂಜಾ ಸೇದುವ ಸಾಮಾನು ಅದು. ಹುಡುಗರ ಬಾಯಲ್ಲಿ ‘ಸೊಪ್ಪು’. ಸಿಗರೇಟಿನ ತಂಬಾಕು ಉದುರಿಸಿ ಅದಕ್ಕೆ ಸೊಪ್ಪು ಬೆರೆಸುತ್ತಾರೆ, ಅದಕ್ಕೇ ಆ ಪುಡಿ. ಕೆಂಪಾದ ಕಣ್ಣು ಮನೆಯವರಿಗೆ ಕಾಣದಿರಲಿ ಅಂತ ಡ್ರಾಪ್ಸು. ಆದರೆ ಬರೀ ಡ್ರಾಪ್ಸು ಸಿಕ್ಕಿತೆಂದು ತೀರ್ಮಾನಕ್ಕೆ ಬರಬೇಡಿ. ರಾತ್ರಿಯಿಡೀ ಮೊಬೈಲು ನೋಡಿದರೂ ಕಣ್ಣು ಉರಿಯುತ್ತದೆ.

ಪಂಕ್ಚರ್ ಸಲ್ಯೂಷನ್ ಟ್ಯೂಬು, ಥಿನ್ನರ್ ವಾಸನೆ ಹೊಡೆಯುವ ಕರ್ಚೀಫು, ಬಾಯಿ ಮೂಗಿನ ಸುತ್ತ ಸಣ್ಣ ಗುಳ್ಳೆ ಕಂಡರೆ ಮೂಸುವ ಚಟ. ಸಕ್ಕರೆ ಹರಳಿನಂಥದ್ದು ಪುಟ್ಟ ಜಿಪ್ ಕವರಿನಲ್ಲಿದ್ದರೆ ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತು ಇರಬಹುದು. ಡಾಕ್ಟರ ಚೀಟಿಯಿಲ್ಲದೆ ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆ, ನೈಟ್ರಾಜೆಪಾಮ್ ಅಥವಾ ಆಲ್‌ಪ್ರಜೋಲಮ್‌ನಂಥ ನಿದ್ದೆ ಮಾತ್ರೆಗಳ ಖಾಲಿ ಸ್ಟ್ರಿಪ್ಪು ಸಿಕ್ಕರೆ ಗಾಂಜಾಗಿಂತ ಹೆಚ್ಚು ಗಾಬರಿಪಡಬೇಕು. ಅದರ ಜೊತೆ ಸಿರಿಂಜೂ ಇದ್ದರೆ ಅವತ್ತೇ ಆಸ್ಪತ್ರೆ. ಮಾತ್ರೆ ಅರೆದು ಚುಚ್ಚಿಕೊಳ್ಳುವವರು ಸೂಜಿ ಹಂಚಿಕೊಳ್ಳುತ್ತಾರೆ, ಹಾಗಾಗಿ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ.

ಈಗ ಅಮಲಿನಲ್ಲಿದ್ದರೆ

ಅಮಲು ಇಳಿಯುವವರೆಗೆ ಬುದ್ಧಿಮಾತು ಬೇಡ, ಹೇಳಿದ್ದು ತಲೆಗೆ ಹೋಗುವುದಿಲ್ಲ. ಸಲ್ಯೂಷನ್ ಮೂಸುತ್ತಿರುವಾಗ ಕೈಗೆ ಸಿಕ್ಕಿಬಿದ್ದವರ ಮೇಲೆ ಕೂಗಬೇಡಿ, ಅಟ್ಟಿಸಿಕೊಂಡು ಹೋಗಲೇಬೇಡಿ. ಆ ಆವಿ ಹೃದಯವನ್ನು ಎಷ್ಟು ನಾಜೂಕು ಮಾಡಿರುತ್ತದೆಂದರೆ, ಹೆದರಿಕೆಗೋ ಓಟಕ್ಕೋ ನುಗ್ಗುವ ಅಡ್ರಿನಲಿನ್ ಹೃದಯದ ಬಡಿತವನ್ನೇ ಕೆಡಿಸಿ ನಿಂತಲ್ಲೇ ಸಾವು ತರಬಲ್ಲದು. ಕಿಟಕಿ ತೆರೆಯಿರಿ, ಬಟ್ಟೆಯನ್ನು ಮೆಲ್ಲಗೆ ಕೈಯಿಂದ ತೆಗೆದುಕೊಳ್ಳಿ, ಪಕ್ಕದಲ್ಲಿ ಕೂತಿರಿ.

ಎಬ್ಬಿಸಿದರೆ ಏಳುತ್ತಿಲ್ಲ, ಉಸಿರು ನಿಧಾನ, ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಅಂದರೆ ನೋವಿನ ಮಾತ್ರೆಯ ಜಾತಿಯದ್ದು ಅತಿಯಾಗಿದೆ. 108ಕ್ಕೆ ಕರೆ ಮಾಡಿ, ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಮಜ್ಜಿಗೆ, ನಿಂಬೆಹಣ್ಣಿನ ಪಾನಕ ಏನೂ ಹಾಕಬೇಡಿ. ವಾಂತಿ ಶ್ವಾಸಕೋಶಕ್ಕೆ ಹೋದರೆ ಅದರಿಂದಲೇ ಪ್ರಾಣ ಹೋಗಬಹುದು. ಖಾಲಿ ಸ್ಟ್ರಿಪ್ಪನ್ನು ಆಸ್ಪತ್ರೆಗೆ ಒಯ್ಯಿರಿ. ನಾಚಿಕೆಗೆ ‘ಫುಡ್ ಪಾಯ್ಸನ್’ ಅಂತ ಹೇಳಿದರೆ ಆ ಅಮಲನ್ನು ಇಳಿಸುವ ನಲೋಕ್ಸೋನ್ ಎಂಬ ಇಂಜೆಕ್ಷನ್ ತಡವಾಗುತ್ತದೆ.

ಸಿಕ್ಕ ವಸ್ತು ಏನು ಮಾಡುವುದು

‘ಸಾಕ್ಷಿ’ಯೆಂದು ಬೀರುವಿನಲ್ಲಿ ಇಡಬೇಡಿ, ಡಾಕ್ಟರಿಗೆ ತೋರಿಸಲು ಕಾರಿನಲ್ಲಿ ಒಯ್ಯಬೇಡಿ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಗೆ ಯಾರ ಬಳಿ ಸಿಕ್ಕಿತೆಂಬುದು ಮುಖ್ಯ, ಅಪ್ಪನ ಬಳಿ ಸಿಕ್ಕರೂ ಅಪರಾಧವೇ. ಒಂದು ಚಿಟಿಕೆಯಷ್ಟಿದ್ದರೆ ಟಾಯ್ಲೆಟ್ಟಿಗೆ ಹಾಕಿ ನೀರು ಬಿಡಿ. ಪ್ರಮಾಣದ ಲೆಕ್ಕ ತಿಳಿದಿರಲಿ: ಗಾಂಜಾ 1 ಕಿಲೋವರೆಗೆ ‘ಅಲ್ಪ ಪ್ರಮಾಣ’, 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಎಂಡಿಎಂಎಗೆ ಆ ಗಡಿ ಬರೀ ಅರ್ಧ ಗ್ರಾಂ. ಅದನ್ನು ದಾಟಿದರೆ 10 ವರ್ಷದವರೆಗೆ ಹೋಗಬಹುದು. ‘ಸ್ವಲ್ಪವೇ ತಾನೇ’ ಎನ್ನುವ ಹುಡುಗರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ಒಂದೇ ಅಳತೆಯ ಹತ್ತಾರು ಪೊಟ್ಟಣ ಸಿಕ್ಕರೆ ಮಾತು ಬೇರೆ. ಯಾರೋ ಮಗುವಿನ ಕೈಯಲ್ಲಿ ಮಾರಿಸುತ್ತಿರಬಹುದು. 2015ರ ಬಾಲನ್ಯಾಯ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಹಾಗೆ ಮಾಡಿಸಿದವನಿಗೆ 7 ವರ್ಷದವರೆಗೆ ಕಠಿಣ ಸಜೆ ಇದೆ. ಅದನ್ನು ಮುಟ್ಟದೆ ಮೊದಲು ವಕೀಲರನ್ನು ಕಾಣಿ.

ಮಾತು

ಬಹಳಷ್ಟು ಮನೆಗಳಲ್ಲಿ ಕೆಡುವುದು ಇಲ್ಲೇ. ಅಪ್ಪ ಬೆಲ್ಟು ಹಿಡಿಯುತ್ತಾರೆ, ಅಮ್ಮ ದೇವರ ಮುಂದೆ ಆಣೆ ಹಾಕಿಸುತ್ತಾರೆ, ಹುಡುಗ ಆಣೆಯನ್ನೂ ಹಾಕುತ್ತಾನೆ. ಅಲ್ಲಿಂದ ಮುಂದೆ ಅವನು ಕಲಿಯುವುದು ಮುಚ್ಚಿಡುವುದನ್ನು.

ಮಾರನೆಯ ದಿನ, ಹೊಟ್ಟೆ ತುಂಬಿದ ಮೇಲೆ, ಒಬ್ಬರೇ ಮಾತಾಡಿ. ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರ ಪಂಚಾಯಿತಿ ಬೇಡ. ಬೈಕಿನಲ್ಲೋ ಕಾರಿನಲ್ಲೋ ಹೋಗುವಾಗ ಮುಖ ನೋಡದೆ ಮಾತಾಡುವುದು ಈ ವಯಸ್ಸಿನವರಿಗೆ ಸಲೀಸು. ಶುರು ಹೀಗಿರಲಿ: “ಪುಟ್ಟಾ, ನಿನ್ ಬ್ಯಾಗ್ ಒಗೆಯೋಕ್ ತೆಗೆದಾಗ ಇದು ಸಿಕ್ತು. ಏನು ಅಂತ ನಂಗೊತ್ತು. ಬೈಯೋಕಲ್ಲ, ಕೇಳೋಕ್ ಬಂದಿದೀನಿ.” ಆಮೇಲೆ ಸುಮ್ಮನಿರಿ. ಮೌನ ಎರಡು ನಿಮಿಷವಾದರೂ ತುಂಬಲು ಹೋಗಬೇಡಿ.

“ಯಾರು ಕೊಟ್ರು ಹೇಳು” ಎಂಬುದು ಮೊದಲ ಪ್ರಶ್ನೆಯಾಗಬಾರದು. ಗೆಳೆಯನ ಹೆಸರು ಹೇಳುವುದು ಅವನ ಪಾಲಿಗೆ ದ್ರೋಹ, ಅಲ್ಲಿಗೇ ಬಾಯಿ ಮುಚ್ಚುತ್ತದೆ. ಎಷ್ಟು ದಿನದಿಂದ, ವಾರಕ್ಕೆ ಎಷ್ಟು ಸಲ, ಒಬ್ಬನೇ ಇದ್ದಾಗಲೂ ಉಂಟಾ, ಸೇದದ ದಿನ ನಿದ್ದೆ ಬರುತ್ತಾ, ಬೇರೆ ಏನಾದರೂ ನೋಡಿದ್ದೀಯಾ: ಈ ಐದು ತಿಳಿದರೆ ಸಾಕು. ಗೆಳೆಯರ ಜೊತೆ ಎರಡು ಸಲ ಎಂಬುದಕ್ಕೂ, ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಒಬ್ಬನೇ ಎಂಬುದಕ್ಕೂ ನೆಲ ಮುಗಿಲಿನ ಅಂತರ. ಒಬ್ಬನೇ ಸೇದುವವನ ಹಿಂದೆ ಸಾಮಾನ್ಯವಾಗಿ ಇನ್ನೊಂದು ಕಥೆ ಇರುತ್ತದೆ: ನೀಟ್ ಕೋಚಿಂಗ್ ಒತ್ತಡ, ನಿದ್ದೆಗೇಡು, ಹೇಳಿಕೊಳ್ಳಲಾಗದ ಅವಮಾನ.

ಪ್ರಿನ್ಸಿಪಾಲರ ಹತ್ತಿರ ಮೊದಲು ಓಡಬೇಡಿ. ಟಿಸಿ ಕೈಗೆ ಬಂದರೆ ದಿನವಿಡೀ ಖಾಲಿ ಕೂರುವ ಹುಡುಗನಿಗೆ ಚಟ ಬಿಡಿಸುವುದು ಎರಡರಷ್ಟು ಕಷ್ಟ.

ಕಿಟ್ಟಿನ ಭ್ರಮೆ

ಮೂತ್ರ ಪರೀಕ್ಷೆಯ ಕಿಟ್ಟು ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ, ಅದಕ್ಕೇ ಅದನ್ನು ನ್ಯಾಯಾಧೀಶನಂತೆ ಕೂರಿಸುವವರು ಹೆಚ್ಚು. ಒಮ್ಮೆ ಸೇದಿದ ಗಾಂಜಾ ಸುಮಾರು 3 ದಿನ ಕಾಣಿಸುತ್ತದೆ, ದಿನವೂ ಸೇದುವವನಲ್ಲಿ ಬಿಟ್ಟ ಮೇಲೂ 30 ದಿನದವರೆಗೆ. ಹಾಗಾಗಿ ಪ್ರಾಮಾಣಿಕವಾಗಿ ಬಿಟ್ಟು ಎರಡು ವಾರವಾದ ಹುಡುಗನೂ ‘ಪಾಸಿಟಿವ್’ ಬರಬಹುದು. ಅತ್ತ ಸಲ್ಯೂಷನ್, ಎಲ್‌ಎಸ್‌ಡಿ, ಟ್ಯಾಪೆಂಟಡಾಲ್ ಇವು ಐದು ಬಗೆಯ ಮಾದಕ ವಸ್ತು ಮಾತ್ರ ಹುಡುಕುವ ಸಾಮಾನ್ಯ ಕಿಟ್ಟಿನಲ್ಲಿ ಬೀಳುವುದೇ ಇಲ್ಲ. ನಮ್ಮ ಊಟದ ಒಂದು ಎಡವಟ್ಟೂ ಇದೆ: 300 ನ್ಯಾನೋಗ್ರಾಂ ಗಡಿಯ ಕಿಟ್ಟಿನಲ್ಲಿ ಹಬ್ಬದ ಗಸಗಸೆ ಪಾಯಸ ಅಫೀಮಿನ ಗೆರೆ ಮೂಡಿಸಬಲ್ಲದು. ಕೋಡೀನ್ ಇರುವ ಕೆಮ್ಮಿನ ಸಿರಪ್ಪೂ ಹಾಗೇ. ಪರೀಕ್ಷೆ ಬೇಕೋ ಬೇಡವೋ ಡಾಕ್ಟರು ಹೇಳಲಿ, ಮಗನ ಒಪ್ಪಿಗೆಯಿಂದಲೇ ಆಗಲಿ.

ಎಲ್ಲಿಗೆ ಹೋಗುವುದು

ಮೊದಲು ಫೋನು ಸಾಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಜಿಲ್ಲಾಸ್ಪತ್ರೆಯ ಮನೋವೈದ್ಯರು, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಎಲ್ಲ ಕಡೆ ಹೊರರೋಗಿಯಾಗಿ ತೋರಿಸಬಹುದು. ‘ಕೇಸಾಗುತ್ತದೆ’ ಎಂಬ ಭಯ ಬೇಡ. ವ್ಯಸನಿಯೊಬ್ಬ ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಸಿಕ್ಕಿದ್ದರೂ, ತಾನಾಗಿ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಎನ್‌ಡಿಪಿಎಸ್‌ನ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಗಾಂಜಾ ಬಿಟ್ಟವನಿಗೆ ಒಂದೆರಡು ದಿನದಲ್ಲಿ ಸಿಡುಕು, ನಿದ್ದೆಯಿಲ್ಲದಿರುವುದು, ಊಟ ಸೇರದಿರುವುದು ಶುರುವಾಗುತ್ತದೆ. ಮೊದಲ ವಾರ ಜೋರು, ಎರಡನೇ ವಾರ ಇಳಿಮುಖ. ಈ ಸಿಡುಕನ್ನು ‘ಇನ್ನೂ ಸೇದುತ್ತಿದ್ದಾನೆ’ ಎಂದು ತಿಳಿದು ಜಗಳ ತೆಗೆಯುವ ಮನೆಗಳು ಬಹಳ. ನಿದ್ದೆ ಮಾತ್ರೆಯ ಚಟವಿದ್ದರೆ ಮಾತ್ರ ಮನೆಯಲ್ಲೇ ದಿಢೀರನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರು ಡೋಸನ್ನು ಹಂತಹಂತವಾಗಿ ಇಳಿಸುತ್ತಾರೆ. ನೋವಿನ ಮಾತ್ರೆ ಬಿಟ್ಟು ಕೆಲ ವಾರ ಕಳೆದವನು ಮತ್ತೆ ಹಳೆಯ ಲೆಕ್ಕದಲ್ಲೇ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ, ಏಕೆಂದರೆ ದೇಹದ ಸಹನೆ ಅಷ್ಟರಲ್ಲಿ ಇಳಿದಿರುತ್ತದೆ. ಇದನ್ನು ಅವನಿಗೆ ನೇರವಾಗಿ ಹೇಳಿ.

ರಾತ್ರಿ ಬಂದು ಎತ್ತಿಕೊಂಡು ಹೋಗುವ ಖಾಸಗಿ ರಿಹ್ಯಾಬ್‌ಗಳ ಜಾಹೀರಾತಿಗೆ ಬೀಳುವ ಮೊದಲು ಮೂರು ಕೇಳಿ. ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸುತ್ತೀರಾ? 18 ತುಂಬದವರನ್ನು ದೊಡ್ಡವರಿಂದ ಬೇರೆ ಇಡುತ್ತೀರಾ? ರಾತ್ರಿ ನಾನು ಜೊತೆಯಲ್ಲಿರಬಹುದಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಮೂರನ್ನೂ ಕೊಡುತ್ತದೆ, ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. ‘ಮೂರು ತಿಂಗಳು ಮನೆಯವರು ಬರುವಂತಿಲ್ಲ’ ಎಂದರೆ ಮಗನ ಕೈ ಹಿಡಿದು ವಾಪಸ್ ಬನ್ನಿ.