ಸಂವಿಧಾನದ ವಿಧಿಯನ್ನು ಅರ್ಧಕ್ಕೇ ಓದಿ ಬಿಡಬೇಡಿ

19ನೇ ವಿಧಿಯ ಮೊದಲ ಖಂಡ ಓದಿ ಪುಸ್ತಕ ಮುಚ್ಚುವವರೇ ಹೆಚ್ಚು. ವಾಕ್ ಸ್ವಾತಂತ್ರ್ಯ ಅಲ್ಲಿದೆ ನಿಜ, ಆದರೆ ಅದಕ್ಕೆ ಹಾಕಬಹುದಾದ ಮಿತಿಗಳಿರುವುದು 2ನೇ ಖಂಡದಲ್ಲಿ. ಆ ಪಟ್ಟಿಯನ್ನು ಒಂದೊಂದೇ ಪದವಾಗಿ ಓದಿ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ ಇವೆಲ್ಲ ಸಿಗುತ್ತವೆ. 'ಸಾರ್ವಜನಿಕರ ಹಿತಾಸಕ್ತಿ' ಸಿಗುವುದಿಲ್ಲ. ಅದು ಬರುವುದು ಸಂಚಾರ, ವಾಸ, ವೃತ್ತಿಗೆ ಸಂಬಂಧಿಸಿದ 5 ಮತ್ತು 6ನೇ ಖಂಡಗಳಲ್ಲಿ. ವಾದ ಹಳಿ ತಪ್ಪುವುದು ಸಾಮಾನ್ಯವಾಗಿ ಇಲ್ಲೇ, ದಯವಿಟ್ಟು ನಿಧಾನಿಸಿ.

ಯಾರಿಗೆ ಹಕ್ಕು ಅನ್ನೋದನ್ನೂ ಗುರುತು ಹಾಕಿಕೊಳ್ಳಿ: 19ನೇ ವಿಧಿ ನಾಗರಿಕರಿಗೆ ಮಾತ್ರ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ ಯಾವುದೇ ವ್ಯಕ್ತಿಗೆ. ಅಡಿಟಿಪ್ಪಣಿ ಬಿಡಬೇಡಿ, ತಿದ್ದುಪಡಿಯ ವಿವರ ಅಲ್ಲೇ ಇರುತ್ತದೆ.

ಸಂವಿಧಾನ ಸಭೆಯ ಚರ್ಚೆ ಹುಡುಕುವಾಗ 19 ಎಂದು ಹುಡುಕಿದರೆ ಧರ್ಮ ಸ್ವಾತಂತ್ರ್ಯದ ಚರ್ಚೆ ಸಿಗುತ್ತದೆ. ಕರಡಿನ ವಿಧಿ ಸಂಖ್ಯೆಗಳೇ ಬೇರೆ: 1948ರ ಕರಡಿನಲ್ಲಿ ವಾಕ್ ಸ್ವಾತಂತ್ರ್ಯ ಇದ್ದದ್ದು 13ನೇ ವಿಧಿಯಲ್ಲಿ.