ಮಕ್ಕಳ ಕುತ್ತಿಗೆಯ ಗಂಟು: ಯಾವ ಸ್ಕ್ಯಾನ್, ಯಾವಾಗ, ಹೇಗೆ?

ಮಗುವಿನ ಕುತ್ತಿಗೆಯಲ್ಲಿ ಗಂಟು ಕಂಡರೆ ಮೊದಲು ಅಲ್ಟ್ರಾಸೌಂಡ್. ವಿಕಿರಣವಿಲ್ಲ, ನಿದ್ದೆಗೆ ಔಷಧಿ ಬೇಡ, ಎಷ್ಟೋ ಸಲ ಉತ್ತರವೂ ಅಲ್ಲೇ ಸಿಗುತ್ತದೆ. ‘ಯಾವುದಕ್ಕೂ ಇರಲಿ’ ಎಂದು ನೇರವಾಗಿ ವಿಕಿರಣ ಬಳಸುವ ಸಿ.ಟಿ. ಸ್ಕ್ಯಾನ್‌ಗೆ ಬರೆದುಕೊಡುವುದು ಸರಿಯಲ್ಲ.

ಭುಜದಡಿ ಟವೆಲ್ ಸುರುಳಿ ಇಟ್ಟು ಕುತ್ತಿಗೆಯನ್ನು ತುಸು ಹಿಂದಕ್ಕೆ ಬಾಗಿಸಿ. ಅಳುವ ಕೂಸಾದರೆ ಅಮ್ಮನ ಮಡಿಲಲ್ಲೇ ನೋಡಬಹುದು. 7ರಿಂದ 15 ಮೆಗಾಹರ್ಟ್ಸ್‌ ಲೀನಿಯರ್ ಪ್ರೋಬ್ (ಮೈಮೇಲೆ ಇಟ್ಟು ನೋಡುವ, ನೇರ ಅಂಚಿನ ಉಪಕರಣ) ಬೇಕು. ಬೆಚ್ಚಗಿನ ಜೆಲ್ಲನ್ನು ದಪ್ಪಗೆ ಹಾಕಿ ಪ್ರೋಬನ್ನು ಹಗುರವಾಗಿ ಹಿಡಿಯಿರಿ. ಒತ್ತಿದರೆ ಸಿರೆಯ ಗಂಟು ಚಪ್ಪಟೆಯಾಗಿ ಕಣ್ತಪ್ಪುತ್ತದೆ, ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ನಿಧಾನದ ಹರಿವೂ ಕಾಣದು.

ನಡುಗೆರೆಯಲ್ಲಿ, ಹಯಾಯ್ಡ್ ಮೂಳೆಯ (ನಾಲಿಗೆಯ ಬುಡದ ಕೆಳಗಿನ ಪುಟ್ಟ ಮೂಳೆ) ಆಸುಪಾಸಿನಲ್ಲಿದ್ದು ನಾಲಿಗೆ ಚಾಚಿದಾಗ ಮೇಲೇರುವ ಗಂಟು ಸಾಮಾನ್ಯವಾಗಿ ಥೈರೋಗ್ಲಾಸಲ್ ಸಿಸ್ಟ್, ಅಂದರೆ ಥೈರಾಯ್ಡ್ ಕೆಳಗಿಳಿದ ದಾರಿಯಲ್ಲಿ ಉಳಿದ ದ್ರವದ ಚೀಲ. ಒಳಗಿನ ದ್ರವ ಗಟ್ಟಿಯಾಗಿ ಕಂಡು ಮೋಸ ಮಾಡಬಹುದು; ಮೆಲ್ಲಗೆ ಅದುಮಿದಾಗ ಕಣಗಳು ಸುಳಿದಾಡಿದರೆ ಅದು ದ್ರವವೇ. ಥೈರಾಯ್ಡ್ ತನ್ನ ಜಾಗದಲ್ಲಿದೆಯೇ ಎಂಬುದನ್ನು ವರದಿಯಲ್ಲಿ ಬರೆಯಲೇಬೇಕು. ಆ ಗಂಟೇ ಮಗುವಿಗಿರುವ ಏಕೈಕ ಥೈರಾಯ್ಡ್ ಆಗಿದ್ದರೆ, ಅದನ್ನು ತೆಗೆದ ಮೇಲೆ ಜೀವನಪೂರ್ತಿ ಮಾತ್ರೆ ನುಂಗಬೇಕಾಗುತ್ತದೆ.

ಕೆಲವೇ ವಾರಗಳ ಕೂಸಿನ ಕತ್ತು ಓರೆಯಾಗಿದ್ದು ಪಕ್ಕದ ಸ್ನಾಯುವೇ ಕದಿರಿನಂತೆ ಉಬ್ಬಿದ್ದರೆ, ಪ್ರೋಬನ್ನು ಸ್ನಾಯುವಿನ ಉದ್ದಕ್ಕೆ ಹಿಡಿಯಿರಿ. ಉಬ್ಬಿನ ಎರಡೂ ತುದಿ ಸ್ನಾಯುವಿನಲ್ಲೇ ಬೆರೆತಿದ್ದರೆ ಅದು ಫೈಬ್ರೊಮ್ಯಾಟೋಸಿಸ್ ಕೋಲಿ, ಅಂದರೆ ಸ್ನಾಯುವಿನದೇ ಕೆಡುಕಿಲ್ಲದ ಊತ. ಬಯಾಪ್ಸಿ (ತುಣುಕು ತೆಗೆದು ಪರೀಕ್ಷಿಸುವುದು) ಬೇಡ, ಫಿಸಿಯೋಥೆರಪಿ ಸಾಕು.

ಹೆಚ್ಚಾಗಿ ಸಿಗುವುದು ದುಗ್ಧಗ್ರಂಥಿಗಳೇ. ಅವರೆಬೀಜದ ಆಕಾರ, ನಡುವೆ ಬಿಳಿಯ ಹೈಲಮ್ (ರಕ್ತನಾಳ ಒಳಹೊಗುವ ಜಾಗ), ಅಲ್ಲಿಂದಲೇ ಕವಲೊಡೆಯುವ ರಕ್ತನಾಳ ಇದ್ದರೆ ಸಮಾಧಾನ. ಗ್ರಂಥಿ ದುಂಡಗಾಗಿ ಹೈಲಮ್ ಅಳಿಸಿಹೋಗಿದ್ದರೆ, ಅಥವಾ ಗಂಟು ಕೊರಳೆಲುಬಿನ (ಕಾಲರ್ ಮೂಳೆಯ) ಮೇಲ್ಭಾಗದಲ್ಲಿದ್ದರೆ ಅನುಮಾನ ಪಡಲೇಬೇಕು. ಆಗ ನಿದ್ದೆಯ ಔಷಧಿ ಕೊಡುವ ಮೊದಲು ಎದೆಯ ಎಕ್ಸ್-ರೇ ತೆಗೆಸಿ: ಎದೆಯೊಳಗೆ ದೊಡ್ಡ ಗೆಡ್ಡೆಯಿದ್ದರೆ ಅಂಗಾತ ಮಲಗಿಸಿ ಮಂಪರು ತರಿಸಿದಾಗ ಶ್ವಾಸನಾಳ ಅಮುಕಿಹೋಗಬಹುದು. ಬಯಾಪ್ಸಿಗೆ ಮುನ್ನ ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾದ (ದುಗ್ಧಗ್ರಂಥಿಯ ಕ್ಯಾನ್ಸರ್‌ನ) ಸುಳಿವೇ ಮಸುಕಾಗುತ್ತದೆ.

ಜ್ವರದ ಜೊತೆ ಕೆಂಪಗೆ ಊದಿದ್ದರೆ ಕೀವು ಕಟ್ಟಿದೆಯೇ ಎಂದು ನೋಡಿ: ಮಧ್ಯೆ ರಕ್ತದ ಹರಿವಿಲ್ಲ, ಸುತ್ತಲೂ ಜೋರು. ಮಗು ಕತ್ತು ತಿರುಗಿಸದೆ, ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ ಗಂಟಲ ಹಿಂಭಾಗದಲ್ಲಿ ಕೀವು ಇರಬಹುದು, ಅದು ಅಲ್ಟ್ರಾಸೌಂಡ್‌ನಲ್ಲಿ ಕಾಣದೇ ಹೋಗಬಹುದು. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ದ್ರವ) ಸಿ.ಟಿ. ಬೇಕಾಗುವುದು ಇಂಥಲ್ಲಿ, ಕಾಂಟ್ರಾಸ್ಟ್ ಕೊಟ್ಟ ನಂತರದ ಒಂದೇ ಸುತ್ತು ಸಾಕು, ಎರಡು ಸಲ ತೆಗೆದರೆ ವಿಕಿರಣವೂ ಇಮ್ಮಡಿ.

ಎಂ.ಆರ್.ಐ. ಮುಖ್ಯವಾಗಿ ಆಳಕ್ಕಿಳಿದ ಲಿಂಫ್ಯಾಟಿಕ್ ಮಾಲ್‌ಫಾರ್ಮೇಶನ್‌ಗೆ (ದುಗ್ಧನಾಳಗಳು ಸರಿಯಾಗಿ ಬೆಳೆಯದೆ ಆದ ಗಂಟು), ನರದ ಗೆಡ್ಡೆಗಳಿಗೆ. ಹಸುಗೂಸಾದರೆ ಹಾಲೂಡಿಸಿ, ಬಟ್ಟೆಯಲ್ಲಿ ಸುತ್ತಿ, ಔಷಧಿಯಿಲ್ಲದೆ ಮಲಗಿಸಿಯೇ ತೆಗೆಯಲು ಯತ್ನಿಸಿ.