ಗೆರೆ ಎಳೆಯುವ ಮೊದಲು ಕೂಡುನಿಲ್ದಾಣ

ಹೊಸ ಮೆಟ್ರೊ ಮಾರ್ಗ ಸೂಚಿಸುವ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂದಾಗ ಜಾಲದ ನಕ್ಷೆಯನ್ನು ಮೇಜಿನ ಮೇಲೆ ಹರಡಿದೆ. ಎರಡು ಮಾರ್ಗಗಳ ನಡುವೆ ಎದ್ದು ಕಂಡ ಬಿಳಿ ಜಾಗದಲ್ಲಿ ಪೆನ್ಸಿಲ್ ಗೆರೆ ಎಳೆದೆ. ಅಂಥ ನಕ್ಷೆ ಅಳತೆಗೆ ಬರೆದದ್ದಲ್ಲ ಎಂಬುದು ಗೊತ್ತಿದ್ದೂ ಮರೆತಿದ್ದೆ. 1933ರಲ್ಲಿ ಹ್ಯಾರಿ ಬೆಕ್ ಅವರ ಲಂಡನ್ ಭೂಗತ ರೈಲಿನ ನಕ್ಷೆ ಜನರ ಕೈಗೆ ಬಂದ ಮೇಲೆ ಜಗತ್ತಿನ ಎಷ್ಟೋ ನಗರಗಳು ಅದೇ ನೇರ ಗೆರೆ, 45 ಡಿಗ್ರಿ ಓರೆಗಳ ಮಾದರಿ ಹಿಡಿದವು. ಪ್ರಯಾಣಿಕರಿಗೆ ಅದು ವರ. ಯೋಜಿಸುವವರನ್ನು ಮಾತ್ರ ದಾರಿ ತಪ್ಪಿಸುತ್ತದೆ. ಅಳತೆಯ ನಕ್ಷೆಗೆ ನನ್ನ ಗೆರೆಯನ್ನು ಇಳಿಸಿದಾಗ ಅರ್ಧ ದಾರಿ ಜನವಸತಿಯೇ ಇಲ್ಲದ ಗೋದಾಮುಗಳ ನಡುವೆ ಹಾದಿತ್ತು.

ಅಲ್ಲಿಂದ ಪ್ರಯಾಣಗಳ ಬೆನ್ನು ಹಿಡಿದೆ. ಟಿಕೆಟ್ ಲೆಕ್ಕದಿಂದ ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂದು ತಿಳಿಯುತ್ತದೆ, ಆದರೆ ಅದರಲ್ಲಿ ಸಿಗುವುದು ಈಗಾಗಲೇ ಓಡಾಡುತ್ತಿರುವವರಷ್ಟೇ. ದಾರಿ ಸರಿಯಿಲ್ಲವೆಂದು ಕೆಲಸವನ್ನೇ ಬಿಟ್ಟವರನ್ನು ಕಾಣಲು ಮನೆಮನೆಯ ಸಮೀಕ್ಷೆಯೇ ಬೇಕು. ಎರಡನ್ನೂ ಸೇರಿಸಿ, ಪ್ರತಿ ಜೋಡಿ ಬಡಾವಣೆಗೂ ಮನೆ ಬಾಗಿಲಿನಿಂದ ಕೆಲಸದ ಜಾಗದವರೆಗಿನ ಸಮಯ ಬರೆದುಕೊಂಡೆ. ಒಂದು ಜೋಡಿಯ ನಡುವೆ ನೇರವಾಗಿ 7 ಕಿ.ಮೀ. ಇದ್ದರೂ ಪ್ರಯಾಣಕ್ಕೆ 52 ನಿಮಿಷ ಹಿಡಿಯುತ್ತಿತ್ತು, ಏಕೆಂದರೆ ನಗರದ ನಡುವಿಗೆ ಹೋಗಿ ಮತ್ತೆ ಹೊರಗೆ ಬರಬೇಕಿತ್ತು. ನಕ್ಷೆಯಲ್ಲಿ ಆ ಎರಡೂ ಬಡಾವಣೆಗಳ ಪಕ್ಕದಲ್ಲೇ ಮೆಟ್ರೊ ಇದೆ! ನಿಜವಾದ ಕೊರತೆ ಇದ್ದದ್ದು ಅಲ್ಲಿ.

ಹೀಗಾಗಿ ಹೊರವಲಯಗಳನ್ನು ಜೋಡಿಸುವ ವರ್ತುಲ ಮಾರ್ಗದ ಕಡೆಗೆ ಬಂದೆವು. ಇಂಥ ಮಾರ್ಗದ ಜೀವ ಇರುವುದು ಹಳೆಯ ಮಾರ್ಗಗಳನ್ನು ಅದು ಸಂಧಿಸುವ ಕಡೆ, ಅಂದರೆ ಕೂಡುನಿಲ್ದಾಣಗಳಲ್ಲಿ. ನಮ್ಮ ಲೆಕ್ಕದಲ್ಲಿ ರೈಲು ಬದಲಾವಣೆಗಾಗಿ ನಡೆಯುವ, ಕಾಯುವ ಒಂದೊಂದು ನಿಮಿಷವನ್ನೂ ರೈಲಿನಲ್ಲಿ ಕುಳಿತ ಎರಡು ನಿಮಿಷಕ್ಕೆ ಸಮ ಎಂದು ಹಿಡಿಯುತ್ತೇವೆ. ಜನರಿಗೆ ಅದು ಹಾಗೇ ಅನಿಸುತ್ತದೆ. ಅಗ್ಗದ ಜಾಗ ಸಿಗುತ್ತದೆಂದು ಒಂದು ಕೂಡುನಿಲ್ದಾಣವನ್ನು 300 ಮೀಟರ್ ಆಚೆ ಸರಿಸುವ ಸಲಹೆ ಬಂತು. ನಿಮಿಷಕ್ಕೆ 80 ಮೀಟರ್ ನಡೆದರೂ ಹತ್ತಿರ ಹತ್ತಿರ 4 ನಿಮಿಷ, ಅನುಭವಕ್ಕೆ 8. ಹೊಸ ಮಾರ್ಗದಿಂದ ಉಳಿಯುವ ಸಮಯದ ದೊಡ್ಡ ಪಾಲನ್ನು ಎರಡು ಮಾರ್ಗಗಳ ನಡುವಿನ ಆ ನಡಿಗೆಯೇ ನುಂಗುತ್ತಿತ್ತು. ನಾನು ಒಪ್ಪಲಿಲ್ಲ. ಲಂಡನ್ನಿನ ಬ್ರಿಕ್ಸ್‌ಟನ್ ಉದಾಹರಣೆಯನ್ನು ಸಭೆಯ ಮುಂದಿಟ್ಟೆ: ಅಲ್ಲಿ ಓವರ್‌ಗ್ರೌಂಡ್ ಎಂಬ ನಗರ ರೈಲು ಜಾಲದ ರೈಲುಗಳು ಎತ್ತರದ ಹಳಿಯ ಮೇಲೆ ನಿಲ್ಲದೆ ಸಾಗುತ್ತವೆ, ಕೆಳಗೆ ಭೂಗತ ಮಾರ್ಗದ ನಿಲ್ದಾಣವಿದ್ದರೂ ಒಂದರಿಂದ ಇನ್ನೊಂದಕ್ಕೆ ಹತ್ತಲಾಗದು. ಕೊನೆಗೆ ನಡುವಿನ ಎರಡು ಸಣ್ಣ ನಿಲ್ದಾಣಗಳನ್ನು ಒಂದಾಗಿಸಿ, ಉಳಿದ ಹಣವನ್ನು ಆ ಕೂಡುನಿಲ್ದಾಣಕ್ಕೆ ಹಾಕಿದೆವು.

ಎಲ್ಲವನ್ನೂ ಹೊಸದಾಗಿ ಅಗೆಯಲೇಬೇಕೆಂದಿಲ್ಲ. 2012ರ ಡಿಸೆಂಬರ್‌ನಲ್ಲಿ ಪೂರ್ಣಗೊಂಡ ಲಂಡನ್ನಿನ ಓವರ್‌ಗ್ರೌಂಡ್ ವರ್ತುಲ ಬಹುಪಾಲು ಹಳೆಯ ಹಳಿಗಳದ್ದೇ. 2019ರಲ್ಲಿ ತೆರೆದ ಕೋಪನ್‌ಹೇಗನ್ ವರ್ತುಲ ಮಾತ್ರ 15.5 ಕಿ.ಮೀ. ಉದ್ದಕ್ಕೂ ನೆಲದಡಿ, 17 ನಿಲ್ದಾಣ. ನಮ್ಮ ಮಾರ್ಗದ ಮೂರನೇ ಒಂದು ಭಾಗಕ್ಕೂ ಹಳೆಯ ಸರಕು ಹಳಿ ಸಿಕ್ಕಿತು. ರೈಲುಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಡಿಪೊಗೆ ಜಾಗ ಹುಡುಕುವುದು ಬೇರೆಯೇ ಕಥೆ, ಅದನ್ನು ಮೊದಲೇ ಹಿಡಿದಿಡದಿದ್ದರೆ ಮಾರ್ಗವೇ ತಿರುಗಬೇಕಾಗುತ್ತದೆ. ರೈಲುಗಳ ನಡುವಿನ ಅಂತರವನ್ನು 6 ನಿಮಿಷಕ್ಕಿಂತ ಹೆಚ್ಚಿಸಬಾರದೆಂದೂ ಪಟ್ಟು ಹಿಡಿದೆ. 12 ನಿಮಿಷಕ್ಕೊಂದು ರೈಲಾದರೆ ಸರಾಸರಿ ಕಾಯುವಿಕೆಯೇ 6 ನಿಮಿಷ.

ಒಂದು ವಿಷಯದಲ್ಲಿ ನಾನೇ ತಪ್ಪಿದ್ದೆ. ಬದಲಾವಣೆಯ ಸಮಯವನ್ನು ಮೆಟ್ಟಿಲು ಹತ್ತಬಲ್ಲವರ ಕಾಲಲ್ಲಿ ಅಳೆದಿದ್ದೆ. ಗಾಲಿಕುರ್ಚಿ ಬಳಸುವ ಸಹೋದ್ಯೋಗಿಯೊಬ್ಬರು ಇನ್ನೊಂದು ಕೂಡುನಿಲ್ದಾಣದ ಚಿತ್ರ ನೋಡಿ, ಮೂರು ಲಿಫ್ಟ್ ಬದಲಿಸಬೇಕೆಂದು ಬೆರಳಿಟ್ಟು ತೋರಿಸಿದರು. ಅದನ್ನು ಒಂದೇ ಲಿಫ್ಟ್‌ಗೆ ಇಳಿಸಲು ಪ್ಲಾಟ್‌ಫಾರ್ಮನ್ನೇ 40 ಮೀಟರ್ ಸರಿಸಿ ಮತ್ತೆ ಬರೆಯುತ್ತಿದ್ದೇವೆ.